ತೊಂಬತ್ತಾರು ಡಿಗ್ರಿ

“ಇನ್ಮೇಲೆ ಈ ಮನೇಲಿ ಯಾವ ಯಂತ್ರವೂ ನನ್ನ ಅಪ್ಪಣೆ ಇಲ್ಲದೆ ಬಿಸಿಯಾಗೋ ಹಾಗಿಲ್ಲ!”

ನಂದಕುಮಾರ್ ಹೀಗೆ ಘೋಷಿಸಿದಾಗ ಜಯನಗರದ ಆ ಮನೆಯಲ್ಲಿ ಇದ್ದವರು ಇಬ್ಬರೇ: ಹೆಂಡತಿ ಉಮಾಮಹೇಶ್ವರಿ ಮತ್ತು ಕಂಪ್ಯೂಟರು. ಇಬ್ಬರೂ ಕೆಲಸದಲ್ಲಿ ಮುಳುಗಿದ್ದರು.

ವಿಮಾ ಕಚೇರಿಯಿಂದ ನಿವೃತ್ತರಾಗಿದ್ದ ನಂದಕುಮಾರ್ ಬಿಡಿಭಾಗ ತಂದು ಆ ಕಂಪ್ಯೂಟರನ್ನು ಸ್ವಹಸ್ತದಿಂದ ಜೋಡಿಸಿ ಮೂರು ವಾರವಾಗಿತ್ತು. ಗಣಿತದ ಟೀಚರಾಗಿದ್ದ ಉಮಾ ಅದರಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಪಾಠದ ವಿಡಿಯೊ ತಯಾರಿಸುತ್ತಿದ್ದರು. ನಾಳೆಯೇ ಗಣಿತ ಪರೀಕ್ಷೆ. ತ್ರಿಕೋನಮಿತಿಯ ಕೊನೆಯ ಪಾಠ ಸಂಜೆ ಏಳಕ್ಕೆ ಸಿಗುತ್ತದೆಂದು ಆರುನೂರು ಮಕ್ಕಳಿಗೆ ಮಾತು ಕೊಟ್ಟಿದ್ದರು. ವಿಡಿಯೊ ಸಿದ್ಧವಾಗುವ ಕೆಲಸ ಮಾತ್ರ ತೆವಳುತ್ತಿತ್ತು, ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಸುಡುತ್ತಿತ್ತು.

ಕಾರಣ ಹುಡುಕಲು ನಂದಕುಮಾರ್ ಬಿಸಿ ತೋರಿಸುವ ಆಪ್ ಒಂದನ್ನು ಹಾಕಿದರು. ಪರದೆಯ ಮೂಲೆಯಲ್ಲಿ ಕೆಂಪು ಅಂಕಿ ಮೂಡಿತು: ತೊಂಬತ್ತಾರು!

“ಉಮಾ! ನೀರು ಕುದಿಯೋಕೆ ಇನ್ನು ನಾಲ್ಕೇ ಡಿಗ್ರಿ ಕಣೇ! ಅಂಗೈಯಲ್ಲಿ ಕಾಲು ಭಾಗ ಇಲ್ಲ ಈ ಪ್ರೊಸೆಸರ್, ಒಳಗೆ ಸೂರ್ಯನ್ನೇ ಇಟ್ಕೊಂಡಿದೆ!”

“ಸೂರ್ಯ ಇರ್ಲಿ. ಎಷ್ಟಿರಬೇಕಂತೆ?”

“ಎಂಬತ್ತರ ಒಳಗಿದ್ರೆ ಕ್ಷೇಮ. ಆದ್ರೂ ನೋಡು, ಸುಟ್ಟು ಹೋಗ್ಬಾರ್ದು ಅಂತ ತಾನೇ ವೇಗ ತಗ್ಗಿಸ್ಕೊಂಡು ದುಡೀತಿದೆ. ಎಂಥಾ ಸಂಯಮ!”

ಅವರ ಕಣ್ಣು ಒದ್ದೆಯಾದದ್ದು ಭಕ್ತಿಯಿಂದಲೋ, ಬಿಸಿಗಾಳಿಯಿಂದಲೋ ಗೊತ್ತಾಗಲಿಲ್ಲ.

ಇನ್ನು ಸುಮ್ಮನಿರುವುದುಂಟೇ! ಡಬ್ಬದ ಪಕ್ಕದ ಬಾಗಿಲು ಕಳಚಿ ಟೇಬಲ್ ಫ್ಯಾನ್ ತಿರುಗಿಸಿದರು. ಉಮಾ ಅವರ ಟಿಪ್ಪಣಿ ಹಾಳೆಗಳೆಲ್ಲ ಹಾರಿ, ಸೈನ್ ಸೋಫಾದ ಕೆಳಗೆ ಹೋಯಿತು, ಕಾಸ್ ಬಾಲ್ಕನಿ ಸೇರಿತು. ಬಿಸಿ ತೊಂಬತ್ತೈದು. ಪಕ್ಕದ ಮನೆಯಿಂದ ದೊಡ್ಡ ಫ್ಯಾನ್ ಬಂತು. ಮತ್ತೆ ತೊಂಬತ್ತಾರು. ಕಡೆಗೆ ಎಸಿಯನ್ನು ಹದಿನೆಂಟಕ್ಕೆ ಇಳಿಸಿದರು. ಉಮಾ ಶಾಲು ಹೊದ್ದುಕೊಂಡರು.

“ರೀ, ನಂಗೆ ಚಳಿ, ಅದಕ್ಕೆ ಸೆಕೆ. ಏನ್ ನಡೀತಿದೆ ಇಲ್ಲಿ?”

“ಇನ್ನೈದು ನಿಮಿಷ ತಡ್ಕೋ!”

ಎರಡೇ ನಿಮಿಷಕ್ಕೆ ‘ಟಪ್’ ಎಂದಿತು. ಹೊರೆ ತಾಳದೆ ಎಂಸಿಬಿ ಸ್ವಿಚ್ ಬಿದ್ದು ಇಡೀ ಮನೆಯ ಕರೆಂಟು ಹೋಯಿತು. ಮುಕ್ಕಾಲು ಮುಗಿದಿದ್ದ ವಿಡಿಯೊ ಸೊನ್ನೆಗೆ ಬಂದಿತ್ತು. ಗಂಟೆ ಐದೂವರೆ.

ಉಮಾ ಕೂಗಾಡಲಿಲ್ಲ. ಅದೇ ನಂದಕುಮಾರರನ್ನು ಹೆದರಿಸಿದ್ದು. ಸ್ವಿಚ್ ಮೇಲೆತ್ತಿ, ಫೋನ್ ತೆಗೆದುಕೊಂಡು, ಬಿಟಿಎಂ ಲೇಔಟಿನ ಕಂಪ್ಯೂಟರ್ ಮೆಕ್ಯಾನಿಕ್ ನಿಂಗರಾಜನಿಗೆ, “ಅಣ್ಣ, ಕಂಪ್ಯೂಟರ್ ಕುದೀತಿದೆ, ಆರುನೂರು ಮಕ್ಕಳು ಕಾಯ್ತಿದ್ದಾರೆ,” ಎಂದಷ್ಟೇ ಹೇಳಿದರು.

ಸಂಜೆಯ ಟ್ರಾಫಿಕ್ಕನ್ನು ಹೇಗೆ ಸೀಳಿದನೋ, ಆರಕ್ಕೆಲ್ಲ ನಿಂಗರಾಜ ಬಂದ. ನಾಲ್ಕು ಸ್ಕ್ರೂ ಬಿಚ್ಚಿ, ಪ್ರೊಸೆಸರಿನ ಬಿಸಿ ಹೀರಲು ಅದರ ಮೇಲೆ ಕೂತಿದ್ದ ಕೂಲರನ್ನು ಎತ್ತಿದ. ಅದರ ತಳದಿಂದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಉಗುರಿನಲ್ಲಿ ಮೆಲ್ಲಗೆ ಸುಲಿದ. ‘ಜೋಡಿಸುವ ಮೊದಲು ಇದನ್ನು ತೆಗೆಯಿರಿ’ ಎಂದು ಇಂಗ್ಲಿಷಿನಲ್ಲಿ, ಕೆಂಪು ಅಕ್ಷರದಲ್ಲಿ, ಸ್ಪಷ್ಟವಾಗಿ ಬರೆದಿತ್ತು.

ಬಿಸಿ ದಾಟಿಸುವ ಹೊಸ ಪೇಸ್ಟ್ ಬಳಿದು ಮತ್ತೆ ಕೂರಿಸಿ ವಿಡಿಯೊ ಓಡಿಸಿದರೆ, ಅರವತ್ತೊಂದು! ಅಂಕಿ ಅಲ್ಲಾಡದೆ ನಿಂತಿತು. ಒಂದೂವರೆ ಗಂಟೆಯ ಕೆಲಸ ಇಪ್ಪತ್ತೇ ನಿಮಿಷಕ್ಕೆ ಮುಗಿಯಿತು. ಮೂವರೂ ಕೈಕಟ್ಟಿ ನಿಂತು ನೋಡಿದರು. ಆರು ಐವತ್ತಕ್ಕೆ ಪಾಠ ಮಕ್ಕಳನ್ನು ತಲುಪಿತು.

“ಸಾರ್, ಮೂರು ವಾರ ಪ್ಲಾಸ್ಟಿಕ್ ಹೊದ್ಕೊಂಡು ಬದುಕಿದೆಯಲ್ಲ, ಇದಕ್ಕೆ ಕೈ ಮುಗೀಬೇಕು!” ನಿಂಗರಾಜ ಬೆರಗಾಗಿ ತಲೆಯಾಡಿಸಿದ. “ಅಲ್ಲಾ, ಯಾರ್ ಸಾರ್ ಇದನ್ನ ಜೋಡಿಸಿದ ಪುಣ್ಯಾತ್ಮ? ಸ್ವಲ್ಪ ಮಾತಾಡ್ಬೇಕಿತ್ತು.”

ನಂದಕುಮಾರ್ ಕಿವಿಯವರೆಗೆ ಕೆಂಪಾಗಿ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಉಮಾ ನಿಂಗರಾಜನ ಕೈಗೆ ಕಾಫಿ ಲೋಟ ಕೊಟ್ಟು ಹೇಳಿದರು:

“ಮಾತಾಡಿಸೋಣ ಅಣ್ಣ, ಸ್ವಲ್ಪ ತಡೀರಿ. ಸದ್ಯಕ್ಕೆ ಅವರದ್ದೇ ತೊಂಬತ್ತಾರು ದಾಟಿದೆ!”