ಸಣ್ಣಾಕಿ ಸೊಂಟದ ಪ್ಯಾಚ್

ನಮ್ಮ ಮನ್ಯಾಗ ಒಂದ ದಿನ ಏನೂ ಪಜೀತಿ ಆಗಲಿಲ್ಲ ಅಂದ್ರ, ಆ ದಿನ ನಮ್ಮ ಅತ್ತಿಯವರು ಊರಾಗಿಲ್ಲ ಅಂತ ತಿಳ್ಕೋಬೇಕು.

ಹೈದರಾಬಾದಿನ ಕಾಚಿಗೂಡದಾಗ ನಮ್ಮದು ಕೂಡಿ ಇರೋ ಮನಿ. ಸೊಸೆಯಂದ್ರು ಇಬ್ಬರು. ನಾ ದೊಡ್ಡಾಕಿ, ನನ್ನ ನೆಗೆಣ್ಣಿ ಸಣ್ಣಾಕಿ. ಅತ್ತಿಯವರ ಕಾನೂನು ಒಂದ: ಇಬ್ಬರಿಗೂ ಸಮಾ. ಒಬ್ಬಾಕಿಗೆ ಇಲಕಲ್ ಸೀರಿ ತಂದ್ರ ಇನ್ನೊಬ್ಬಾಕಿಗೂ ಅದ ಬಣ್ಣ, ಅದ ಸೆರಗು. ಹಿಂದ ಸಣ್ಣಾಕಿಗೆ ಗಡ್ಡಿ ಆಗಿ ಗರ್ಭಚೀಲ ತಗಿಸಿದಾಗ, ಆಕಿಗೆ ಶಕ್ತಿ ಬರ್ಲಿ ಅಂತ ಅಂಟಿನ ಉಂಡಿ ಕಟ್ಟಿದ್ರು. ಗುಂಡಕಲ್ಲಿನ ಹಂಗ ಗಟ್ಟಿಮುಟ್ಟಾಗಿದ್ದ ನನಗೂ ಅಷ್ಟ ಉಂಡಿ ಡಬ್ಬಿ ತುಂಬಿ ಕೊಟ್ರು. ಇಷ್ಟ ಸಮಾ ಇದ್ರೂ ನನಗ ಆಕಿ ಮ್ಯಾಲ ಹೊಟ್ಟಿಕಿಚ್ಚು. ಆಕಿ ಪಾಲಿನ ಉಂಡಿ ಯಾವಾಗ್ಲೂ ತುಸು ದೊಡ್ಡದ ಕಾಣತೈತಿ.

ಒಂದ ಫ್ಯಾನು

ಐವತ್ತರ ಹತ್ತಿರ ಬಂದ ಮ್ಯಾಲ ಇಬ್ಬರಿಗೂ ಬಿಸಿ ಹತ್ತಾಕ ಶುರುವಾತು. ಕುಂತಲ್ಲೇ ಎದಿಯಿಂದ ಮುಖದ ತನಕ ಉರಿ ಏರೂದು, ಜಂಪರ್ ತೊಯ್ಯೂದು, ರಾತ್ರಿ ನಿದ್ದಿ ಹಾರೂದು. ಅಡಿಗಿಮನ್ಯಾಗ ಇರೋದ ಒಂದ ಫ್ಯಾನು. ಅದರ ಕೆಳಗ ನಿಲ್ಲಾಕ ಇಬ್ಬರೂ ಜಗ್ಗಾಡ್ತಿದ್ವಿ. ಖರೇ ಹೇಳ್ತೀನಿ, ಆಗ ನನಗ ಆಕಿ ಮ್ಯಾಲ ಭಾಳ ಪ್ರೀತಿ ಇತ್ತು. ನಮ್ಮಷ್ಟ ಒದ್ದಾಡೋರನ್ನ ಕಂಡ್ರ ಯಾರಿಗೆ ಪ್ರೀತಿ ಬರೂದಿಲ್ಲ ಹೇಳ್ರಿ.

ಚಳಿಗಾಲದಾಗ ಒಂದ ದಿನ ಆಕಿ ಫ್ಯಾನ್ ಬಿಟ್ಟುಕೊಟ್ಟ್ಳು. ಒಲಿ ಮುಂದ ನಿಂತು ರೊಟ್ಟಿ ಬೇಯಸಾಕತ್ತಾಳ, ಹಣಿ ಮ್ಯಾಲ ಒಂದ ಹನಿ ಬೆವರಿಲ್ಲ. "ಛಲೋ ನಿದ್ದಿ ಆತು ಅಕ್ಕಾ" ಅಂತ ಮುಂಜಾನೆ ಮೈ ಮುರೀತಾಳ.

"ಏನ್ ಔಷಧ ತಗೋತಿ?" ಅಂತ ಕೇಳಿದೆ.

"ಏನಿಲ್ಲಕ್ಕಾ, ಮನಸ್ಸು ಶಾಂತ ಇಟ್ಕೊಂಡೀನಿ ಅಷ್ಟ."

ಅದನ್ನ ಕೇಳಿ ನನಗ ಹತ್ತಿದ ಬಿಸಿ ವಯಸ್ಸಿಂದೋ, ಹೊಟ್ಟಿಕಿಚ್ಚಿಂದೋ ಗೊತ್ತಾಗಲಿಲ್ಲ. ನಮ್ಮ ಮನಿಯವರ ಮುಂದ ಹೇಳ್ಕೊಂಡೆ. ಅವರು ನನ್ನ ಫ್ಯಾನಿಗೆ ಹೆದರಿ ಸ್ವೆಟರ್ ಮ್ಯಾಲ ಚಾದರ್ ಹೊದ್ದು ಕುಂತಿದ್ರು. "ನೀನೂ ಆಕಿ ಹಂಗ ಶಾಂತ ಇರಬಾರದೇನು?" ಅಂದ್ರು. ಮೂರರ ಮ್ಯಾಲಿದ್ದ ಫ್ಯಾನನ್ನ ಐದಕ್ಕ ತಿರುವಿದೆ.

ಯುಗಾದಿ ಎಣ್ಣಿ

ಯುಗಾದಿ ಮುಂಜಾನೆ ಅತ್ತಿಯವರು ಸೊಸೆಯಂದ್ರಿಬ್ಬರಿಗೂ ತಮ್ಮ ಕೈಯಾರೆ ಎಣ್ಣಿ ಹಚ್ತಾರ. ಒಬ್ಬೊಬ್ಬರಿಗೆ ಒಂದೊಂದ ಬಟ್ಟಲ, ಹನಿ ಹೆಚ್ಚಿಲ್ಲ, ಹನಿ ಕಡಿಮಿಲ್ಲ. ನಂದು ಮುಗೀತು. ಸಣ್ಣಾಕಿ ಮಾತ್ರ "ಈ ಸಲ ಬ್ಯಾಡ್ರಿ ಅತ್ತಿ, ನಾನ ಹಚ್ಕೋತೀನಿ" ಅಂತ ಹಿಂದ ಸರಿದ್ಳು. ಅತ್ತಿಯವರು ಕೇಳೋರಲ್ಲ. ಬೆನ್ನು ತಿಕ್ಕಿದ್ರು, ಸೊಂಟ ತಿಕ್ಕಿದ್ರು, ಹಂಗ ತುಸು ಕೆಳಗ ಕೈ ಜಾರಿಸಿದ್ರು. ಕೈಗೆ ಏನೋ ತಾಕಿತು. ಎಣ್ಣಿಗೆ ಅದರ ಅಂಚು ಬಿಟ್ಟಿತ್ತು. ಎಳೆದ್ರ ಬೆರಳಿಗೆ ಅಂಟಿಕೊಂಡು ಬಂತು. ತೆಳ್ಳಗ, ಸ್ಟಿಕರ್ ಇದ್ದಂಗ.

"ಇದೇನ ಇದು?"

ಸಣ್ಣಾಕಿ ತಲಿ ಬಗ್ಗಿಸಿ ಎಲ್ಲಾ ಹೇಳಿದ್ಳು. "ಹಾರ್ಮೋನ್ ಪ್ಯಾಚ್ ಅತ್ತಿ, ಡಾಕ್ಟರ್ ಬರಕೊಟ್ಟಾರ. ಈ ವಯಸ್ಸಿಗೆ ಮೈಯಾಗ ಕಡಿಮಿ ಆಗಿದ್ದು ಚರ್ಮದಿಂದ ತುಸು ತುಸು ಒಳಗ ಹೋಗತೈತಿ. ವಾರಕ್ಕ ಎರಡ ಸಲ ಬ್ಯಾರೆ ಹಚ್ಚಬೇಕು, ಪ್ರತಿ ಸಲ ಜಾಗಾನೂ ಬ್ಯಾರೆ. ಎಣ್ಣಿ, ಕ್ರೀಮು ಇದ್ದಲ್ಲಿ ಹಿಡಿಯೂದಿಲ್ಲ."

ಆಕಿ ಶಾಂತ ಮನಸ್ಸು ಇಷ್ಟು ದಿನ ಸೊಂಟಕ್ಕ ಅಂಟಿಕೊಂಡಿತ್ತು ಅಂತ ನನಗ ಆಗ ತಿಳೀತು. ಮೈಯೆಲ್ಲಾ ಉರಿದು ಹೋತು. ಅತ್ತಿಯವರಿಗೂ ಭಾಳ ಸಿಟ್ಟು ಬಂತು. ಮುಚ್ಚಿಟ್ಟಿದ್ದಕ್ಕ ಬೈತಾರ ಅಂತ ನಾ ಕಾಯ್ಕೊಂಡ ಕುಂತಿದ್ದೆ. ಅವರು ಕೇಳಿದ್ದು ಒಂದ ಮಾತು: "ದೊಡ್ಡಾಕಿದು ಎಲ್ಲಿ?"

ಕತ್ರಿ

ನೀರ ಹಾಕ್ಕೊಂಡು ಬಂದು, ಮೈ ಒರಸಿ, ಸಣ್ಣಾಕಿ ಹೊಸಾ ಪ್ಯಾಚ್ ತಗದ್ಳು. ಅಷ್ಟರಾಗ ಅತ್ತಿಯವರು ಹೊಲಿಗಿ ಡಬ್ಬಿ ಕತ್ರಿ ತಗೊಂಡು ಎದುರಿಗೆ ಕುಂತ್ರು. "ತಾ ಇಲ್ಲೆ. ಅರ್ಧಾ ಆಕಿಗೆ, ಅರ್ಧಾ ನಿನಗ."

ನನ್ನ ಕೈ ಆಗಲೇ ಮುಂದ ಹೋಗಿತ್ತು. ಕಣ್ಣು ಕತ್ರಿ ಮ್ಯಾಲ. ಅದು ನಡುವ ಇರಲಿಲ್ಲ, ನನ್ನ ಕಡೆ ವಾಲಿತ್ತು. "ತುಸು ಆ ಕಡೆ ಸರಸ್ರಿ ಅತ್ತಿ" ಅಂದೆ.

ಸಣ್ಣಾಕಿ ಪ್ಯಾಚನ್ನ ಸೆರಗಿನ್ಯಾಗ ಮುಚ್ಚಿಕೊಂಡ್ಳು. "ಹಂಗ ಮನಸ್ಸಿಗೆ ಬಂದಂಗ ಕತ್ತರಸಬಾರದು, ಅದರಾಗ ಔಷಧ ಅಳತಿ ಮಾಡಿ ಇಟ್ಟಿರ್ತಾರ. ಒಬ್ಬರದು ಇನ್ನೊಬ್ಬರು ಹಚ್ಕೊಳ್ಳಾಕೂ ಬರೂದಿಲ್ಲ. ಅಕ್ಕಾಗ ಆಗಿಬರತೈತೋ ಇಲ್ಲೋ ಡಾಕ್ಟರ್ ನೋಡಬೇಕು."

ಅತ್ತಿಯವರು ಎಣ್ಣಿ ಹತ್ತಿದ ಹಳೇ ಪ್ಯಾಚ್ ಕಡೆ ನೋಡಿದ್ರು. ಅದನ್ನ ಅವರು ಕಿಟಕಿ ಕಟ್ಟಿ ಮ್ಯಾಲ ಒಣಗಾಕ ಇಟ್ಟಿದ್ರು, ನನಗಂತ. ಸಣ್ಣಾಕಿ ಅದನ್ನೂ ಬಿಡಲಿಲ್ಲ. ಅಂಟು ಒಳಗ ಬರೋ ಹಂಗ ಮಡಚಿ, ಕಾಗದದಾಗ ಸುತ್ತಿ ಕಸಕ್ಕ ಹಾಕಿದ್ಳು. "ತಗದ ಮ್ಯಾಲೂ ಅದರಾಗ ಔಷಧ ಉಳದಿರತೈತಿ, ಹುಡುಗರ ಕೈಗೆ ಸಿಗಬಾರದು" ಅಂದ್ಳು.

ಅತ್ತಿಯವರ ಮುಖ ಸಣ್ಣದಾತು. ಊಟಕ್ಕ ಕುಂತಾಗ ನನ್ನ ತಾಟಿಗೆ ಒಂದ ಹೋಳಿಗಿ ಹೆಚ್ಚ ಬಿತ್ತು. ಪ್ಯಾಚಿನ ಬದಲಿಗೆ ಅಂತ.

ಡಾಕ್ಟರ ಮುಂದ

ನಾ ಸಣ್ಣಾಕಿ ತೋರಿಸೋ ಡಾಕ್ಟರ ಕಡೆನ ಹೋದೆ. ಬ್ಯಾರೆ ಡಾಕ್ಟರಾದ್ರ ಬ್ಯಾರೆ ಏನರ ಕೊಟ್ಟಾರು ಅಂತ ಅಂಜಿಕಿ. ಕುಂತಾಕಿನ ಹೇಳಿದೆ: "ನಮ್ಮ ನೆಗೆಣ್ಣಿಗೆ ಕೊಟ್ಟೀರಲ್ಲ, ಅದನ್ನ ಕೊಡ್ರಿ. ಅದ ಸೈಜ್."

"ಇದಿ ಚೀರ ಕಾದಮ್ಮಾ" ಅಂತ ತೆಲುಗಿನ್ಯಾಗ ನಕ್ಕರು. ಇದೇನು ಸೀರಿ ಅಲ್ಲಮ್ಮಾ ಅಂತ.

ಆಮ್ಯಾಲ ಪ್ರಶ್ನಿ ಶುರುವಾದ್ವು. ಕಾಲಾಗ ರಕ್ತ ಹೆಪ್ಪುಗಟ್ಟಿತ್ತೇನು, ಎದಿಯಾಗ ಗಂಟು ಆಗಿತ್ತೇನು, ಲಿವರ್ ಹ್ಯಾಂಗೈತಿ, ಮುಟ್ಟು ನಿಂತ ಮ್ಯಾಲ ರಕ್ತ ಕಂಡಿತ್ತೇನು. ಒಂದಕ್ಕ ಹೌದು ಅಂದ್ರ ನನ್ನ ಪ್ಯಾಚ್ ಹೋಗೇ ಬಿಡತೈತಿ, ಆಕಿ ತಣ್ಣಗ ಮಲಗತಾಳ, ನಾ ಜನ್ಮಾ ಪೂರ್ತಿ ಫ್ಯಾನಿನ ಕೆಳಗ, ಅಂತ ಲೆಕ್ಕಾ ಹಾಕಿದೆ. ಆದ್ರೂ ಇದ್ದಿದ್ದು ಇದ್ದಂಗ ಹೇಳಿದೆ. ತಪಾಸಣಿ ಎಲ್ಲಾ ಆತು, ಏನೂ ತೊಂದ್ರಿ ಇರಲಿಲ್ಲ. ಪ್ಯಾಚ್ ಬರದ್ರು. ನೋಡಿದ್ರ ಆಕಿದಕ್ಕಿಂತ ಸಣ್ಣದು.

"ನನಗ್ಯಾಕ ಸಣ್ಣದು?"

"ಕಡಿಮಿಯಿಂದ ಶುರು ಮಾಡೋಣ. ಸೊಂಟದ ಕೆಳಗ, ತೊಳೆದು ಒಣಗಿದ ಚರ್ಮಕ್ಕ ಹಚ್ರಿ. ಲಂಗದ ಲಾಡಿ ತಿಕ್ಕೋ ಜಾಗ ಬ್ಯಾಡ. ಎದಿಗಂತೂ ಹಚ್ಚಲೇಬ್ಯಾಡ್ರಿ. ಅದರ ಮ್ಯಾಲ ಬಿಸಿನೀರ ಚೀಲ ಇಡಬ್ಯಾಡ್ರಿ. ಇನ್ನ, ನಿಮ್ಮ ನೆಗೆಣ್ಣಿಗೆ ಗರ್ಭಚೀಲ ಇಲ್ಲ, ನಿಮಗೈತಿ. ಬರೇ ಪ್ಯಾಚ್ ಹಚ್ಚಿದ್ರ ಚೀಲದ ಒಳಪದರ ದಪ್ಪ ಆಗತೈತಿ. ಅದಕ್ಕ ನಿಮಗ ಜೋಡಿಗೆ ಈ ಗುಳಗಿ, ತಪ್ಪಸಬಾರದು. ರಕ್ತ ಕಂಡ್ರ, ಕಾಲು ಬಾತು ನೋವಾದ್ರ, ಎದಿ ನೋವಾಗಿ ಉಸಿರು ಹಿಡದ್ರ ತಡ ಮಾಡದ ಬರ್ರಿ."

ಎಲ್ಲಾ ತಲಿಯಾಗ ಇಟ್ಕೊಂಡೆ. ಬಾಗಲ ತನಕ ಹೋಗಿ ತಿರುಗಿ ಬಂದು ಒಂದ ಮಾತು ಖಾತ್ರಿ ಮಾಡ್ಕೊಂಡೆ: "ಈ ಗುಳಗಿ ಆಕಿಗಿಲ್ಲ, ಹೌದಲ್ರಿ?"

ಎರಡು, ಒಂದು

ಸ್ವಲ್ಪ ದಿನಕ್ಕ ಉರಿ ಇಳೀತು, ನಿದ್ದಿ ಬರಾಕ ಹತ್ತಿತು. ಅತ್ತಿಯವರಿಗೆ ಮಾತ್ರ ಸಮಾಧಾನ ಇರಲಿಲ್ಲ. ಒಂದ ಮಧ್ಯಾಹ್ನ ಇಬ್ಬರ ಪ್ಯಾಚೂ ತರಿಸಿ ತೊಡಿ ಮ್ಯಾಲ ಇಟ್ಕೊಂಡ್ರು. "ದೊಡ್ಡಾಕಿದು ಸಣ್ಣದೈತಿ" ಅಂತ ಮರಗಿದ್ರು. ಸಣ್ಣಾಕಿ ಮುಸಿಮುಸಿ ನಕ್ಕಳು.

ನಾ ಒಳಗ ಹೋಗಿ ಗುಳಗಿ ತಂದು ನನ್ನ ಪ್ಯಾಚಿನ ಬಾಜೂಕ ಇಟ್ಟೆ.

"ಇದೇನು, ಅಕ್ಕಾಗ ಎರಡು, ನನಗ ಒಂದು?" ಸಣ್ಣಾಕಿ ನಗಿ ನಿಂತು ಹೋತು. "ನನಗ್ಯಾಕ ಬರದಿಲ್ಲ ಡಾಕ್ಟರು?"

ಇಷ್ಟು ವರ್ಷದಾಗ ಮೊದಲನೇ ಸಲ ಆಕಿ ನನ್ನ ಕಂಡು ಹೊಟ್ಟಿಕಿಚ್ಚು ಪಡಾಕತ್ತಿದ್ಳು. ಆ ತಂಪು ಯಾವ ಪ್ಯಾಚೂ ಕೊಡೂದಿಲ್ಲ.

"ಅದು ಗರ್ಭಚೀಲ ಇದ್ದೋರಿಗೆ ತಂಗಿ" ಅಂದೆ. "ನೀ ಮನಸ್ಸು ಶಾಂತ ಇಟ್ಕೋ."

ಆಕಿ ಎದ್ದು ಹೋಗಿ ಅಡಿಗಿಮನಿ ಫ್ಯಾನಿನ ಕೆಳಗ ನಿಂತ್ಳು. ಅತ್ತಿಯವರು ಗುಳಗಿ ಕಡೆ ನೋಡಿದ್ರು, ಆಕಿ ಕಡೆ ನೋಡಿದ್ರು, ಕಡೀಕ ನನ್ನ ಹೊಟ್ಟಿ ಕಡೆ ನೋಡಿ ಉಸಿರು ಬಿಟ್ಟರು.

"ತಪ್ಪು ನಂದ" ಅಂದ್ರು. "ಆಕಿದು ತಗಿಸಿದಾಗನ ನಿಂದೂ ತಗಿಸಿಬಿಡಬೇಕಿತ್ತು."