ಡಾಕ್ಟರ ಹುಲ್ಲಿಗೆ ಬಾಯಿ ಹಾಕಿದವರು

ಹುಲ್ಲು ಇರುವುದು ದನ ತಿನ್ನುವುದಕ್ಕೆ. ಐವತ್ತರ ದಶಕದ ಕೊನೆಯಲ್ಲಿ ಕಡೂರಿನಲ್ಲಿ ಎಲ್ಲರೂ ಇದನ್ನು ನಂಬಿದ್ದರು, ದನಗಳೂ ಸೇರಿ. ಅಂಥ ಊರಿನಲ್ಲಿ ಆಟಕ್ಕೆಂದು ಹುಲ್ಲು ಬೆಳೆಸಹೊರಟರೆ ತಮಾಷೆ ತಾನಾಗಿ ನಡೆಯುತ್ತಿರುತ್ತದೆ, ಯಾರೂ ಕಷ್ಟಪಡಬೇಕಾಗಿಲ್ಲ.

ಬೆಳೆಸಹೊರಟವರು ನಮ್ಮ ಕ್ಲಬ್ಬಿನ ಅಧ್ಯಕ್ಷರು, ಊರಿನ ಡಾಕ್ಟರು. ಊರಾಚೆಯ ಗೋಮಾಳದ ಒಂದು ಮೂಲೆಯಲ್ಲಿ ನಮ್ಮ ಗಾಲ್ಫ್ ಮೈದಾನವಿತ್ತು. ಮೈದಾನ ಎನ್ನುವುದು ಸೌಜನ್ಯದ ಮಾತು. ಚೆಂಡು ಬೀಳುವ ಕುಳಿಯ ಸುತ್ತ ನುಣ್ಣನೆಯ ಹುಲ್ಲಿನ ವೃತ್ತ ಇರಬೇಕು. ಅದಕ್ಕೆ ಗ್ರೀನ್ ಎನ್ನುತ್ತಾರೆ. ನಮ್ಮಲ್ಲಿದ್ದ ಒಂದೇ ಗ್ರೀನನ್ನು ದನಗಳು ಬೇರುಸಹಿತ ಮುಗಿಸಿದ್ದವು. ಅದನ್ನು ಮತ್ತೆ ಕಟ್ಟುತ್ತೇನೆ, ದೀಪಾವಳಿ ಕಳೆದ ಮೇಲೆ ಚಿಕ್ಕಮಗಳೂರಿನ ಕಾಫಿ ಪ್ಲಾಂಟರುಗಳನ್ನು ಕರೆಸಿ ಪಂದ್ಯ ಆಡಿಸುತ್ತೇನೆ ಎಂದು ಡಾಕ್ಟರು ಪಂಚಾಯ್ತಿ ಚೇರ್ಮನ್ನರಿಗೆ ಮಾತು ಕೊಟ್ಟರು.

"ಆಡಿಸ್ದೆ ಇದ್ರೆ ಜಾಗ ದನಕ್ಕೆ ಬಿಡ್ಬೇಕು" ಎಂದರು ಚೇರ್ಮನ್ನರು.

"ಬಿಡ್ತೀನಿ" ಎಂದರು ಡಾಕ್ಟರು.

ಬಾಟನಿಯಲ್ಲಿ ಬಿ.ಎಸ್ಸಿ. ಮಾಡಿದ ತಪ್ಪಿಗೆ ನಾನು ಕಾರ್ಯದರ್ಶಿ. ಆ ನೆಲದಲ್ಲಿ ಹುಲ್ಲು ಹಿಡಿಯುವುದಿಲ್ಲ ಎಂಬುದು ನನ್ನ ಶಾಸ್ತ್ರೀಯ ಅಭಿಪ್ರಾಯವಾಗಿತ್ತು.

ಗುಂಡಿ

ಮೊದಲು ಅಗೆತ. ಸೊಂಟದಷ್ಟು ಆಳ, ಅದರೊಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಜರಡಿ ಹಿಡಿದ ಕೆರೆಗೋಡು ಮಣ್ಣು. ಡಾಕ್ಟರು ಪ್ಯಾಂಟು ಮಡಿಸಿಕೊಂಡು ಗುಂಡಿಯೊಳಗೇ ನಿಂತು ಜಲ್ಲಿ ಹರಡಿಸುತ್ತಿದ್ದರು. ಸಿಂಗಟಗೆರೆಯಿಂದ ಸಂತೆಗೆ ಬಂದಿದ್ದ ರೈತನೊಬ್ಬ ಅಂಚಿನಲ್ಲಿ ನಿಂತು ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟುಕೊಂಡ.

"ಯಾರು ಹೋಗ್ಬಿಟ್ರು ಡಾಕ್ಟ್ರೇ?"

"ಯಾರೂ ಹೋಗಿಲ್ಲ ಕಣಯ್ಯ."

"ಇಷ್ಟು ದೊಡ್ಡ ಗುಂಡಿ ನೋಡಿ ನಿಮ್ಮ ಆಸ್ಪತ್ರೆಯೋರೇ ಇರ್ಬೇಕು ಅನ್ಕಂಡೆ."

ಡಾಕ್ಟರು ಬೆವರು ಒರೆಸಿಕೊಂಡರು. "ಕೆಮ್ಮಿಗೆ ಔಷಧಿ ತಗೊಂಡು ಹೋದೋನು ನೀನೇ ಅಲ್ವಾ? ಅಲ್ಲೇ ನಿಂತಿರು, ಅಳತೆ ನೋಡ್ಬೇಕು."

ಆತ ನಿಲ್ಲಲಿಲ್ಲ. ಕೆಮ್ಮಲೂ ಇಲ್ಲ.

ಗಣೇಶನ ಪಾಲು

ಮಳೆಗಾಲದಲ್ಲಿ ಕೂಲಿ ಹೆಂಗಸರು ಗರಿಕೆಯ ಒಂದೊಂದು ತುಂಡನ್ನೂ ಕೈಯಿಂದಲೇ ನೆಟ್ಟರು. ಹಿಡಿಯಿತು, ನನ್ನ ಅಭಿಪ್ರಾಯವನ್ನು ಅದು ಕೇಳಲಿಲ್ಲ. ಆದರೆ ಬೆಂಗಳೂರಿನಿಂದ ಬರಬೇಕಾಗಿದ್ದ ಹುಲ್ಲು ಕತ್ತರಿಸುವ ಯಂತ್ರ ಬರಲಿಲ್ಲ. ಗಣೇಶನ ಹಬ್ಬ ಬಂತು. ಬೆಳಿಗ್ಗೆ ನೋಡಿದರೆ ಬೇಲಿಯಾಚೆ ಬುಟ್ಟಿ ಹಿಡಿದ ಜನ. ಎಲ್ಲರ ಮುಂದೆ ಪುರೋಹಿತರು.

"ಇಂಥಾ ಎಳೇ ಗರಿಕೆ ಈ ಸೀಮೆಯಲ್ಲೇ ಇಲ್ಲ. ದೇವರಿಗೆ ಕಣ್ರೀ, ಇಲ್ಲ ಅನ್ಬೇಡಿ."

ಓಡಿಸೋಣ ಎಂದೆ ನಾನು. ಡಾಕ್ಟರು ಗೇಟು ತೆಗೆಸಿದರು.

"ಚಪ್ಪಲಿ ಬಿಟ್ಟು ಬನ್ನಿ. ಬೇರು ಕೀಳಬಾರದು, ತುದಿ ಮಾತ್ರ ಚಿವುಟಬೇಕು. ಒಂದೇ ಕಡೆ ಕೂತರೆ ಫಲ ಇಲ್ಲ. ಎಲ್ಲಾ ಕಡೆಯೂ ಒಂದೇ ಸಮ ಇರ್ಬೇಕು."

"ಅದು ಯಾವ ಶಾಸ್ತ್ರದಲ್ಲಿದೆ?" ಎಂದರು ಪುರೋಹಿತರು.

"ಇಂಗ್ಲಿಷ್ ಶಾಸ್ತ್ರ ಸ್ವಾಮಿ."

ಪೂಜೆಯ ಹೊತ್ತಿಗೆ ಊರು ಭಕ್ತಿಯಿಂದ ಇಡೀ ಗ್ರೀನನ್ನು ಒಂದೇ ಮಟ್ಟಕ್ಕೆ ಚಿವುಟಿಕೊಟ್ಟು ಹೋಗಿತ್ತು. ಚಿವುಟಿದ ಮೇಲೆ ಹುಲ್ಲು ಇನ್ನಷ್ಟು ಒತ್ತಾಗಿ ಬಂತು. ಹಾಗೆ ಬರುತ್ತದೆಂದು ನನ್ನ ಪುಸ್ತಕದಲ್ಲೂ ಇತ್ತು. ಕೂಲಿಯಿಲ್ಲದೆ ಮಾಡಿಸಬಹುದು ಎಂದು ಇರಲಿಲ್ಲ.

ಓರೆ

ದೇವನೂರಿನ ಒಂದು ರಾಗಿ ಕಣದಿಂದ ಕಲ್ಲುಗುಂಡು ತರಿಸಿ, ನೆಲ ಗಟ್ಟಿಯಾಗಲೆಂದು ಹುಲ್ಲಿನ ಮೇಲೆ ಉರುಳಿಸಿದ್ದಾಯಿತು. ಚೇರ್ಮನ್ನರು ನೋಡಲು ಬಂದರು. ಡಾಕ್ಟರು ಚೆಂಡು ತಟ್ಟಿದರು. ಅದು ಅರ್ಧ ದಾರಿ ನೆಟ್ಟಗೆ ಹೋಗಿ, ಎಡಕ್ಕೆ ತಿರುಗಿ, ಕುಳಿಗೆ ಬಿತ್ತು.

"ನೆಲ ಓರೆ ಐತೆ ಕಣ್ರೀ."

"ಬೇಕೂಂತಲೇ ಹಾಗೆ ಮಾಡಿದ್ದು."

"ಇದಕ್ಕೆ ಇಷ್ಟು ತಿಂಗಳು ಬೇಕಾಯ್ತಾ? ನಮ್ಮ ರಸ್ತೆ ಕಂಟ್ರಾಕ್ಟರಿಗೆ ಹೇಳಿದ್ರೆ ಬೇಡ ಅಂದ್ರೂ ಓರೆ ಮಾಡಿಕೊಡ್ತಿದ್ದ."

ಮರ್ಯಾದೆ

ಪಂದ್ಯದ ದಿನ ಬೆಳಿಗ್ಗೆ, ಹುಲ್ಲು ನೆಟ್ಟ ಹೆಂಗಸರು ನಮಗಿಂತ ಮೊದಲೇ ಬಂದಿದ್ದರು. ಕಲ್ಲುಗುಂಡು ಉರುಳಿಸಿದ ಮೇಲೆ ಕಣಕ್ಕೆ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು. ಅಂಚಿನಿಂದ ಅಂಚಿಗೆ ಹುಲ್ಲಿನ ಮೇಲೆ ಸಗಣಿ ಸಾರಿಸಿ, ಕುಳಿಯ ಸುತ್ತ ರಂಗೋಲಿ ಬಿಟ್ಟಿದ್ದರು.

"ಏನಮ್ಮಾ ಇದು!" ಎಂದರು ಡಾಕ್ಟರು.

"ದೊಡ್ಡೋರು ಬತ್ತಾರೆ ಅಂದ್ರಲ್ಲ" ಎಂದಳು ಅವರಲ್ಲಿ ಹಿರಿಯಳು. "ಸಾರಿಸ್ದೆ ಹೆಂಗೆ ಕರ್ಕೊಳ್ಳಾದು? ಊರಿಗೆ ಮರ್ಯಾದೆ ಬ್ಯಾಡ್ವಾ?"

ತೊಳೆಯಲು ಹೊತ್ತಿರಲಿಲ್ಲ. ಸಖರಾಯಪಟ್ಟಣದ ಕಡೆಯಿಂದ ಬರುತ್ತಿದ್ದ ಕಾರುಗಳ ಧೂಳು ಆಗಲೇ ಕಾಣುತ್ತಿತ್ತು. ಡಾಕ್ಟರು ಒಂದು ಗಳಿಗೆ ಕಣ್ಣು ಮುಚ್ಚಿದರು. ತೆರೆದು, "ಚೆನ್ನಾಗಿ ಮಾಡಿದೀರಮ್ಮ" ಎಂದರು. ಯಾರನ್ನಾದರೂ ಮೆಚ್ಚುವುದು ನನ್ನ ಅಭ್ಯಾಸವಲ್ಲ. ಆ ದಿನ ಮೆಚ್ಚಿದೆ.

ಪ್ಲಾಂಟರುಗಳು ಇಳಿದರು, ಮೂಗಿಗೆ ಕರ್ಚೀಫು ಹಿಡಿದರು. ಅವರ ನಾಯಕ ರಂಗೋಲಿಯನ್ನು ಬಹಳ ಹೊತ್ತು ನೋಡಿ, "ಇದು ನಿಮ್ಮ ಕ್ಲಬ್ಬಿನ ರೂಲಾ?" ಎಂದ.

"ಗೌರವಾನ್ವಿತ ಅತಿಥಿಗಳಿಗೆ ಮಾತ್ರ" ಎಂದರು ಡಾಕ್ಟರು.

ಅಷ್ಟರಲ್ಲಿ ಮುಳ್ಳುಬೇಲಿ ಮುರಿದ ಸದ್ದು. ಊರ ದನದ ಹಿಂಡು, ಕಾಯುವವನನ್ನು ಎಲ್ಲೋ ಹಿಂದೆ ಬಿಟ್ಟು, ಸೀದಾ ಗ್ರೀನಿನತ್ತ ಬರುತ್ತಿತ್ತು. ಡಾಕ್ಟರು ಗಾಲ್ಫ್ ಕೋಲು ಹಿಡಿದು ಓಡಿ ಅಡ್ಡ ನಿಂತರು. ಅಷ್ಟು ದನಕ್ಕೆ ಒಂದು ಕೋಲು. ಚೇರ್ಮನ್ನರು ನಿಧಾನವಾಗಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ಬಿಟ್ಬಿಡಿ ಡಾಕ್ಟ್ರೇ. ಜಾಗದೋರು ಬಂದ್ಬಿಟ್ರು."

ಮುಂದಿದ್ದ ಹಸು ಡಾಕ್ಟರನ್ನು ಸುತ್ತಿ ಬಳಸಿ ಗ್ರೀನಿನ ಅಂಚಿಗೆ ಬಂತು. ಕತ್ತು ಬಗ್ಗಿಸಿತು. ಮೂಸಿತು. ಬುಸ್ಸೆಂದು ಮುಖ ಎತ್ತಿ, ಬಂದ ದಾರಿಗೆ ತಿರುಗಿತು. ಉಳಿದವೂ ಒಂದೊಂದಾಗಿ ಬಂದು ಮೂಸಿ ಹಿಂದಿರುಗಿದವು. ಚೇರ್ಮನ್ನರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಪಂದ್ಯ ನಡೆಯಿತು, ಜಾಗ ಉಳಿಯಿತು. ಸಗಣಿ ಮೆತ್ತಿದ ಹುಲ್ಲನ್ನು ದನ ತಿನ್ನುವುದಿಲ್ಲ.