ಹಾರ್ಮೋನಿಯಂಗೆ ಹೊಂದಿಸಿದ ಮೋಟರ್‌ಸೈಕಲ್ಲು

ಆ ಭಾನುವಾರ ಸಂಗೀತದ ಮೇಷ್ಟ್ರು ತೋಳು ಮಡಚಿಕೊಂಡು ಅಂಗಳಕ್ಕೆ ಇಳಿದಾಗ ಅವರ ಮುಖದಲ್ಲಿ ದಂಡಯಾತ್ರೆಗೆ ಹೊರಟ ಸೇನಾಪತಿಯ ಕಳೆಯಿತ್ತು. ಎದುರಿಗಿದ್ದ ಶತ್ರು ಅವರದೇ ಹಳೆಯ ಮೋಟರ್‌ಸೈಕಲ್ಲು. ಬುಧವಾರ ಹೆಂಡತಿ ಇದೇ ಗಾಡಿಯ ಮೇಲೆ ಲೈಸೆನ್ಸ್ ಪರೀಕ್ಷೆ ಕೊಡಬೇಕಿತ್ತು. ಅಷ್ಟರೊಳಗೆ ಇದನ್ನು ಸಾಕ್ಷಾತ್ ಗಂಧರ್ವನನ್ನಾಗಿ ಮಾಡಿಕೊಡುತ್ತೇನೆಂದು ಮೇಷ್ಟ್ರು ಕಾಫಿ ಕುಡಿಯುವಾಗಲೇ ಸಾರಿಬಿಟ್ಟಿದ್ದರು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನ ಗೋಡೆ ನೋಡಿ ನೋಡಿ ಬೇಸತ್ತಿದ್ದ ಆಕೆಗೆ, ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಂಡು ಬರುವ ಕೆಲಸ ಸಿಗುವುದರಲ್ಲಿತ್ತು. ಅದಕ್ಕೆ ಲೈಸೆನ್ಸ್ ಇರಲೇಬೇಕು. ಹಿಂದಿನ ಸಲ ಪರೀಕ್ಷೆಯಲ್ಲಿ ಸುಣ್ಣದ ಗೆರೆಯ ಮೇಲೆ ಎಂಟು ಹಾಕುವಾಗ ಗಾಡಿ ಅರ್ಧದಲ್ಲೇ ಉಸಿರುಬಿಟ್ಟಿತ್ತು. ಈ ಸಲವೂ ಆಗದಿದ್ದರೆ ಕೆಲಸ ಬೇರೊಬ್ಬಳಿಗೆ ಎಂದು ಹೆಡ್ ನರ್ಸು ಕಡ್ಡಿ ಮುರಿದಂತೆ ಹೇಳಿದ್ದರು.

"ರೀ, ನಂಗೆ ಗಂಧರ್ವ ಎಲ್ಲಾ ಬೇಡ. ಮಧ್ಯದಲ್ಲಿ ನಿಲ್ಲದೇ ಇದ್ರೆ ಸಾಕು."

"ನಿಲ್ಲೋದಾ? ನೀನು ಬ್ರೇಕ್ ಹಾಕಿದ್ರೂ ನಿಲ್ಲಲ್ಲ, ನೋಡ್ತಿರು."

"ಅದೂ ಬೇಡ," ಎಂದಳು ಆಕೆ.

ಹಳೆಯ ಏರ್ ಫಿಲ್ಟರು ಕಳಚಿದರೆ ಅದು ಒಲೆ ಒರೆಸಿದ ಬಟ್ಟೆಯಂತಿತ್ತು. ಅದರ ಜಾಗಕ್ಕೆ ಹೊಸದು ಬಂತು. ತುಕ್ಕು ಹಿಡಿದ ಸೈಲೆನ್ಸರು ಹೋಗಿ ಕನ್ನಡಿಯಂಥ ಸೈಲೆನ್ಸರು ಕೂತಿತು. ಇವನ್ನು ಕೊಳ್ಳಲು ಗಂಡಹೆಂಡಿರಿಬ್ಬರೂ ಹೋಗಿದ್ದಾಗಲೇ ಅಂಗಡಿಯವನು ಬಿಡಿಸಿ ಹೇಳಿದ್ದ: ಇನ್ನು ಗಾಳಿ ಧಾರಾಳವಾಗಿ ಒಳಗೆ ಹೋಗುತ್ತದೆ, ಹೊಗೆ ಧಾರಾಳವಾಗಿ ಹೊರಗೆ ಬರುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚು ಬೇಕು, ಕಾರ್ಬುರೇಟರಿನ ಒಳಗೆ ಈ ದೊಡ್ಡ ತೂತಿನ ಜೆಟ್‌ಗಳನ್ನು ಹಾಕಿ ಎಂದು ಎರಡು ಪುಟ್ಟ ಹಿತ್ತಾಳೆ ತುಂಡುಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದ. ಹೆಂಡತಿ ಕೇಳಿಸಿಕೊಂಡಳು. ಮೇಷ್ಟ್ರ ಕಿವಿ ಮಾತ್ರ ಆಗಲೇ ಹೊಸ ಸೈಲೆನ್ಸರಿನ ದನಿಯನ್ನು ಊಹಿಸಿಕೊಂಡು ಎಲ್ಲೋ ತೇಲುತ್ತಿತ್ತು.

ಗಾಡಿಗೆ ಎರಡು ಸಿಲಿಂಡರು, ಎರಡು ಕಾರ್ಬುರೇಟರು. ಶುರು ಮಾಡಿದರೆ ಒಂದು ಕಡೆ ಕೆಮ್ಮು, ಇನ್ನೊಂದು ಕಡೆ ಗೊಣಗಾಟ. ಮೆಕ್ಯಾನಿಕ್ಕುಗಳು ಇದಕ್ಕೆ ಏನೇನೋ ಮೀಟರು ಇಟ್ಟು ನೋಡುತ್ತಾರಂತೆ. ಮೂವತ್ತು ವರ್ಷ ಮಕ್ಕಳ ಗಂಟಲು ತಿದ್ದಿದ ತಮಗೆ ಮೀಟರು ಯಾಕೆಂದು ಮೇಷ್ಟ್ರು ಒಳಗಿನಿಂದ ಹಾರ್ಮೋನಿಯಂ ಹೊತ್ತು ತಂದರು. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಸ್ವರದ ಮನೆ ಒತ್ತಿಹಿಡಿಯಲು ಹೇಳಿ, ತಾವು ಸ್ಕ್ರೂಡ್ರೈವರು ಹಿಡಿದು ಗಾಡಿಯ ಪಕ್ಕ ಮಲಗಿದರು. ಆಕೆ ತಿದಿ ಒತ್ತಬೇಕು, ಅವರು ಸ್ಕ್ರೂ ತಿರುಗಿಸಬೇಕು, ಗಾಡಿ ಆ ಸ್ವರಕ್ಕೆ ಬಂದು ಸೇರಬೇಕು. ನೆನೆಹಾಕಿದ ಬಟ್ಟೆ ಬಕೆಟಿನಲ್ಲೇ ಉಳಿಯಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಿಟಕಿ ಮುಚ್ಚಿಕೊಂಡರು. ಕಿಟಕಿಯ ಗಾಜೂ ಅದೇ ಸ್ವರದಲ್ಲಿ ನಡುಗತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಪವಾಡ ನಡೆಯಿತು. ಹಾರ್ಮೋನಿಯಂ ಯಾವುದು, ಗಾಡಿ ಯಾವುದು ಎಂದು ಗೊತ್ತಾಗದಂತೆ ಎರಡೂ ಒಂದೇ ದನಿಯಾದವು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಹೆಂಡತಿ ಮಾತ್ರ ಕಟ್ಟೆಯ ಮೇಲಿದ್ದ ಪೊಟ್ಟಣ ಬಿಚ್ಚಿ ನೋಡುತ್ತಿದ್ದಳು.

"ರೀ, ಇವೆರಡು ಉಳ್ಕೊಂಡಿವೆಯಲ್ಲ?"

"ಕೈ ಪಳಗಿದವರು ಕೆಲಸ ಮಾಡಿದ್ರೆ ಸಾಮಾನು ಉಳಿಯುತ್ತೆ ಕಣೇ."

ಹಾಗಾದರೆ ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಆಕೆ ಕೀಲಿ ಕೇಳಿದಳು. ಮೇಷ್ಟ್ರು ಬೆಚ್ಚಿಬಿದ್ದರು. ಶ್ರುತಿ ಮಾಡಿಟ್ಟ ವಾದ್ಯವನ್ನು ಕಛೇರಿಗೆ ಮುಂಚೆ ಯಾರಾದರೂ ಮುಟ್ಟುತ್ತಾರೆಯೇ? ಗಾಡಿಗೆ ಒಗೆದ ದುಪ್ಪಟಿ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದರು. ಬುಧವಾರ ಪರೀಕ್ಷೆಯ ಮೈದಾನದವರೆಗೂ ಬಿಸಿಲಲ್ಲಿ ತಳ್ಳಿಕೊಂಡೇ ಹೋದರು. ದಾರಿಯಲ್ಲಿ ಕಂಡವರೆಲ್ಲ ಪೆಟ್ರೋಲು ಮುಗಿಯಿತೇ ಎಂದು ಮರುಗಿದರು.

ಮೈದಾನದಲ್ಲಿ ಹೆಂಡತಿ ಕಿಕ್ ಹೊಡೆದಳು. ಗಾಡಿ ಹಾಡಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಆಕೆ ಗೇರು ಹಾಕಿ, ಮೆಲ್ಲಗೆ ಕ್ಲಚ್ಚು ಬಿಡುತ್ತಾ ಆಕ್ಸಿಲರೇಟರು ತಿರುವಿದಳು.

ಪಟಾರ್ ಎಂದು ಒಂದು ಸದ್ದು. ಆಮೇಲೆ ಮೌನ.

ಗಾಡಿ ಕಲಿತದ್ದು ನಿಂತಲ್ಲೇ ಹಾಡುವುದನ್ನು. ಓಡಬೇಕೆಂದರೆ ಹೊಟ್ಟೆಗೆ ಬೇಕು. ಹೊಸ ಫಿಲ್ಟರಿನಿಂದ ಬರೀ ಗಾಳಿ ನುಗ್ಗುತ್ತಿತ್ತು, ಪೆಟ್ರೋಲು ಹಳೆಯ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತಿತ್ತು. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು, ಇನ್ನೊಂದೇ ಅವಕಾಶ, ಆಮೇಲೆ ಮುಂದಿನವರು ಎಂದರು. ಮೇಷ್ಟ್ರು ಸ್ಕ್ರೂಡ್ರೈವರು ಹಿಡಿದು ಓಡಿಬಂದರು. ಹೆಂಡತಿ ಕೈಯೆತ್ತಿ ತಡೆದಳು.

"ನೀವು ಆ ಮರದ ಹತ್ರ ನಿಂತ್ಕೊಳಿ," ಎಂದಳು, ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ.

ಆಮೇಲೆ ಬಗ್ಗಿ ಚೋಕ್ ಎಳೆದಳು. ಚಳಿಯ ಬೆಳಗಿನಲ್ಲಿ ಗಾಡಿಗೆ ಒಂದಿಷ್ಟು ಹೆಚ್ಚು ಪೆಟ್ರೋಲು ಕುಡಿಸಲು ಎಳೆಯುವ ಚೋಕ್ ಅದು. ಕಿಕ್ ಹೊಡೆದದ್ದೇ ಗಂಧರ್ವ ಸತ್ತು ರಾಕ್ಷಸ ಎದ್ದ. ಶ್ರುತಿಯೆಂಬುದು ಆ ಮೈದಾನ ಬಿಟ್ಟು ಓಡಿಹೋಯಿತು. ಮೇಷ್ಟ್ರು ಮರದ ಬುಡದಲ್ಲಿ ಎರಡೂ ಕಿವಿ ಮುಚ್ಚಿಕೊಂಡರು. ಆದರೆ ಚೋಕಿನಿಂದಲೇ ಎಂಜಿನ್ನು ಜೋರಾಗಿ ತಿರುಗುತ್ತಿದ್ದುದರಿಂದ ಆಕೆಗೆ ಆಕ್ಸಿಲರೇಟರು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಕ್ಲಚ್ಚಿನಲ್ಲೇ ಗಾಡಿಯನ್ನು ಹಿಡಿದು ಬಿಟ್ಟು ಮಾಡುತ್ತಾ, ಕಾಲು ನೆಲಕ್ಕೆ ತಾಗಿಸದೆ, ಮಗುವಿಗೆ ಸ್ನಾನ ಮಾಡಿಸಿದಷ್ಟು ನಾಜೂಕಾಗಿ ಎಂಟು ಮುಗಿಸಿ ಬಂದು ನಿಂತಳು. ಪಾಸು.

ಇನ್‌ಸ್ಪೆಕ್ಟರು ಕಿವಿಯಿಂದ ಬೆರಳು ತೆಗೆದು, ಈ ಸೈಲೆನ್ಸರು ಹಾಕಿದ್ದು ಯಾರೆಂದು ಕೇಳಿದರು. ಮೇಷ್ಟ್ರಿಗೆ ಪ್ರಶಸ್ತಿ ಕೊಡಲು ವೇದಿಕೆಗೆ ಕರೆದಂತಾಯಿತು.

"ನಾನೇ ಸಾರ್. ಕಾರ್ಬುರೇಟರ್ ಕೆಲಸಾನೂ ನಂದೇ."

"ಹೌದಾ? ಹಾಗಾದ್ರೆ ನೀವೂ ಒಂದು ಎಂಟು ಹಾಕಿ, ನೋಡೋಣ."

ಚೋಕ್ ಹಾಗೇ ಇರಲೆಂದು ಹೆಂಡತಿ ಸನ್ನೆ ಮಾಡಿದಳು. ಅಪಸ್ವರದಲ್ಲಿ ಗಾಡಿ ಓಡಿಸುವ ಕುಲ ತಮ್ಮದಲ್ಲವೆಂದು ಮೇಷ್ಟ್ರು ಅದನ್ನು ಒಳಕ್ಕೆ ತಳ್ಳಿ, ಆ ಮಧುರ ಸ್ವರ ಮರಳಿದ ಮೇಲೆ ಗಂಭೀರವಾಗಿ ಆಕ್ಸಿಲರೇಟರು ತಿರುವಿದರು. ಪಟಾರ್. ಗಾಡಿ ಸುಣ್ಣದ ಗೆರೆಯ ಮೇಲೆ ಮೆಲ್ಲಗೆ ಒರಗಿತು, ಅದರ ಮೇಲೆ ಮೇಷ್ಟ್ರು ಒರಗಿದರು.

ಹಳೆಯ ಸೈಲೆನ್ಸರು ಹಾಕಿಕೊಂಡು ಬಂದು ಎಂಟು ಹಾಕಿ ತೋರಿಸುವ ತನಕ ನಿಮ್ಮ ಲೈಸೆನ್ಸ್ ನನ್ನ ಹತ್ತಿರವೇ ಭದ್ರವಾಗಿರಲಿ ಎಂದು ಇನ್‌ಸ್ಪೆಕ್ಟರು ಅದನ್ನು ಇಸಿದುಕೊಂಡರು. ಮನೆ ಮುಟ್ಟುವವರೆಗೆ ಮಾತ್ರ ಗಾಡಿಗೆ ಮಾಫಿ ಸಿಕ್ಕಿತು.

ಬೆಳಿಗ್ಗೆ ಹೊರಟಾಗ ಗಂಡಹೆಂಡಿರ ನಡುವೆ ಒಂದೇ ಲೈಸೆನ್ಸ್ ಇತ್ತು. ಮರಳುವಾಗಲೂ ಒಂದೇ ಇತ್ತು. ಮೇಷ್ಟ್ರು ಮಾತ್ರ ಈಗ ಹಿಂದಿನ ಸೀಟಿನಲ್ಲಿದ್ದರು.